ಸಿಂಹಗಡ ಹತ್ತುವಾಗ ಇಲ್ಲದ ಕಾಲುನಡುಕ ಇಳಿಯುವಾಗ ಯಾಕೆ?

ಪ್ರಶ್ನೆ: ಪುಣೆ ಹತ್ತಿರದ ಸಿಂಹಗಡ ಕೋಟೆಯನ್ನು ಬುಡದ ಹಳ್ಳಿ ಆತಕರವಾಡಿಯಿಂದ ಒಂದೂವರೆ ತಾಸಿನಲ್ಲಿ ಹತ್ತುತ್ತೇನೆ. ಇಳಿಯುವಾಗ ಮಾತ್ರ ಕಾಲು ನಡುಗುತ್ತದೆ, ಎರಡು ಸಲ ಜಾರಿ ಬಿದ್ದೆ. ತಪ್ಪು ಎಲ್ಲಿ? (ಕೋಥರೂಡಿನ ಓದುಗರು)

ಉತ್ತರ: ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ತೊಡೆ. ಕೋಟೆಯ ಬಾಗಿಲಾದ ಪುಣೆ ದರವಾಜಾದವರೆಗಿನ ದಾರಿ ಸುಮಾರು ಎರಡೂವರೆ ಕಿಲೋಮೀಟರ್, ಏರು ಹತ್ತಿರ ಹತ್ತಿರ 600 ಮೀಟರ್. ಹೆಜ್ಜೆಗೆ 20 ಸೆಂಟಿಮೀಟರ್ ಇಳಿದರೂ ತೊಡೆಯ ಮುಂಭಾಗದ ಸ್ನಾಯುಗಳು 3000 ಸಲ ಮೈಭಾರವನ್ನು ತಡೆದು ಹಿಡಿಯಬೇಕು. ಹಿಗ್ಗುತ್ತಲೇ ಭಾರ ಹೊರುವ ಈ ಕೆಲಸಕ್ಕೆ ಸಪಾಟು ನಡಿಗೆಯಲ್ಲಿ ಅಭ್ಯಾಸ ಸಿಗುವುದಿಲ್ಲ. ಅದಕ್ಕೇ ನಡುಕ, ಮರುದಿನದ ನೋವು.

ಜಾರುವುದಕ್ಕೆ ಕಾರಣ ಬೇರೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ಹರಡಿದ ಪುಡಿಗಲ್ಲು ಕಾಲಡಿ ರಾಗಿಕಾಳಿನಂತೆ ಉರುಳುತ್ತದೆ. ಮಳೆಗಾಲದಲ್ಲಿ ಕೆಸರು, ಪಾಚಿ. ಹೆದರಿ ಮೈಯನ್ನು ಹಿಂದಕ್ಕೆ ವಾಲಿಸಿದಿರೋ, ಭಾರವೆಲ್ಲ ಹಿಮ್ಮಡಿಗೆ ಹೋಗಿ ಕಾಲು ಮುಂದಕ್ಕೆ ಜಾರುತ್ತದೆ. ಮಂಡಿ ತುಸು ಬಾಗಿರಲಿ, ಸೊಂಟ ಪಾದದ ನೇರಕ್ಕಿರಲಿ, ಅಂಗಾಲು ಪೂರ್ತಿ ಊರಲಿ. ಹೆಜ್ಜೆ ಚಿಕ್ಕದಿರಲಿ. ಎತ್ತರದ ಕಲ್ಲಿನಿಂದ ಧುಮುಕಬೇಡಿ, ಅಡ್ಡಲಾಗಿ ತಿರುಗಿ ಇಳಿಯಿರಿ. ಖಡಕವಾಸಲಾ ಜಲಾಶಯದ ನೀರು ಕಾಣುವ ತಿರುವುಗಳಲ್ಲಿ ನಿಂತೇ ನೋಡಿ. ನಡೆಯುತ್ತ ನೋಡುವಂಥ ದಾರಿ ಇದಲ್ಲ.

ಬೂಟಿನ ಲೇಸನ್ನು ಗಡದ ಮೇಲೆ ಮತ್ತೆ ಕಟ್ಟಿ. ಹಿಮ್ಮಡಿ ಹಿಂದಕ್ಕೆ ಒತ್ತಿ ಕಣಕಾಲಿನ ಬಳಿ ಬಿಗಿದರೆ ಬೆರಳುಗಳು ಮುಂದೆ ಗುದ್ದಿ ಉಗುರು ಕಪ್ಪಾಗುವುದಿಲ್ಲ. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಚಾರಣದ ಕೋಲು ಇದ್ದರೆ ಹತ್ತುವಾಗಿನದಕ್ಕಿಂತ 5–10 ಸೆಂಟಿಮೀಟರ್ ಉದ್ದ ಮಾಡಿ, ಕಾಲಿಗಿಂತ ಮೊದಲು ಅದನ್ನೇ ಊರಿ. ತಲಾ ಎರಡು ಲೀಟರ್ ನೀರಲ್ಲಿ ಅರ್ಧ ಇಳಿಯಲಿಕ್ಕೇ ಉಳಿಯಲಿ.

ಪಿಠಲಾ-ಭಾಕರಿ (ನಮ್ಮ ಝುಣಕ-ರೊಟ್ಟಿಯ ಬಳಗದ್ದೇ) ತಿಂದು, ಗಾಳಿಗೆ ತಾಸುಗಟ್ಟಲೆ ಕೂತರೆ ಸ್ನಾಯು ಬಿಗಿದುಕೊಳ್ಳುತ್ತದೆ. ಅರ್ಧ ತಾಸು ಸಾಕು; ಆಮೇಲೆ ಗಡದ ಮೇಲೆಯೇ ಹತ್ತು ನಿಮಿಷ ಅಡ್ಡಾಡಿ ಇಳಿಯಲು ಶುರುಮಾಡಿ. ಸ್ನಾಯುನೋವಲ್ಲದೆ ಮಂಡಿಯೊಳಗೇ ಚುಚ್ಚಿದಂತಾದರೆ, ಊದಿಕೊಂಡರೆ, ಹಟ ಬೇಡ: ರಸ್ತೆಯಲ್ಲಿ ಜೀಪಿನಲ್ಲಿ ಕೆಳಗೆ ಬನ್ನಿ.

ಮುಂದಿನ ಸಲಕ್ಕೆ ತಯಾರಿ ಮನೆಯಲ್ಲೇ ಆಗುತ್ತದೆ. ಮೂರು ವಾರ, ವಾರಕ್ಕೆರಡು ದಿನ, ಹತ್ತು ಮಹಡಿಯಷ್ಟು. ಹತ್ತಲು ಲಿಫ್ಟ್, ಇಳಿಯಲು ಮೆಟ್ಟಿಲು.