ಮೇ ತಿಂಗಳಲ್ಲಿ ಗಿಡ ಒಯ್ಯುವವರು ಚೀಲದ ತಳ ನೋಡಿ

ಮೇ ತಿಂಗಳಲ್ಲಿ ನರ್ಸರಿಗೆ ಬಂದವರ ಕಣ್ಣು ಮೊದಲು ಹೂವಿನ ಮೇಲೆ ಬೀಳುತ್ತದೆ. ಸಹಜವೇ. ಧಾರವಾಡದಲ್ಲಿ ಈಗ ಕಾಗದದ ಹೂವಿನ ಗಿಡದಲ್ಲಿ ಎಲೆಯೇ ಕಾಣುವುದಿಲ್ಲ. ದುಂಡು ಮಲ್ಲಿಗೆ ದಿನಾ ಸಂಜೆ ಅರಳುತ್ತಿದೆ, ದಾಸವಾಳಕ್ಕೂ ಬಿಡುವಿಲ್ಲ. ಎಲ್ಲಕ್ಕಿಂತ ಜಾಸ್ತಿ ಹೂ ಬಿಟ್ಟ ಗಿಡವನ್ನೇ ಆರಿಸಿ ಕೈಗೆತ್ತಿಕೊಳ್ಳುತ್ತಾರೆ. ಹೂ ಆಮೇಲೆ ನೋಡೋಣ, ಮೊದಲು ಚೀಲ ಎತ್ತಿ ತಳ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕಪ್ಪು ಪಾಲಿಥಿನ್ ಚೀಲಕ್ಕೆ ನೀರು ಬಸಿಯಲೆಂದು ತೂತುಗಳಿರುತ್ತವೆ. ಗಿಡ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಬೇರು ಆ ತೂತಿನಿಂದ ಹೊರಬಿದ್ದು ಕೆಳಗಿನ ನೆಲಕ್ಕೆ ಇಳಿಯುತ್ತದೆ. ಆಗ ಗಿಡ ಮೇಲೆ ದಷ್ಟಪುಷ್ಟವಾಗಿ ಕಾಣುತ್ತದೆ. ಆದರೆ ಅದು ಉಣ್ಣುತ್ತಿರುವುದು ನೆಲದಿಂದ, ಚೀಲದ ಮಣ್ಣಿನಿಂದ ಅಲ್ಲ. ಮಾರುವ ಹೊತ್ತಿಗೆ ಹಿಡಿದು ಎಳೆದರೆ ಪಟ್ಟನೆ ಬೇರು ಹರಿಯುವ ಸದ್ದು ಬರುತ್ತದೆ. ಮನೆಗೆ ಒಯ್ದ ಎರಡು ಮೂರು ದಿನಕ್ಕೆ ಎಲೆ ಜೋತು ಬೀಳುತ್ತವೆ. ನೀರು ಸಾಲಲಿಲ್ಲ ಅಂದುಕೊಂಡು ಮನೆಯವರು ಇನ್ನಷ್ಟು ಸುರಿಯುತ್ತಾರೆ. ನೀರು ಎಳೆದುಕೊಳ್ಳಲು ಬೇರೇ ಇಲ್ಲ, ಉಳಿದ ಸ್ವಲ್ಪವೂ ಕೊಳೆಯುತ್ತದೆ.

ಅದಕ್ಕೇ ಬೇಸಿಗೆಯ ಕೊನೆಗೆ ನಮಗೆ ದೊಡ್ಡ ಕೆಲಸವೆಂದರೆ ಚೀಲ ಸರಿಸುವುದು. ಒಂದೊಂದೇ ಗಿಡ ಎತ್ತಿ, ಹೊರಬಂದ ಬೇರನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಬೇಕು. ಬೇರು ಕಡಿಮೆಯಾದಷ್ಟು ಮೇಲಿನ ಟೊಂಗೆಯನ್ನೂ ಕಡಿಮೆ ಮಾಡಬೇಕು. ಆಮೇಲೆ ಶೇಡ್ ನೆಟ್ ಕೆಳಗೆ ಹದಿನೈದು ದಿನ ಇಟ್ಟರೆ ಚೀಲದೊಳಗೇ ಹೊಸ ಬಿಳಿ ಬೇರು ಹೊರಡುತ್ತವೆ. ಈ ಆರೈಕೆಯಲ್ಲಿ ಇದ್ದ ಹೂವೆಲ್ಲ ಉದುರಿರುತ್ತದೆ, ಗಿಡ ಬೋಳಾಗಿ ಕಾಣುತ್ತದೆ. ಮೂಲೆಯಲ್ಲಿ ಹಾಗೆ ಬೋಳಾಗಿ ನಿಂತು, ತುದಿಯಲ್ಲಿ ಮಾತ್ರ ಎಳೆ ಚಿಗುರು ಒಡೆಯುತ್ತಿರುವ ಗಿಡ ಸಿಕ್ಕರೆ ಬಿಡಬೇಡಿ. ನಾನಾದರೆ ಅದನ್ನೇ ಒಯ್ಯುತ್ತೇನೆ.

ಕಾಗದದ ಹೂವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಗಿಡದ ಬಗ್ಗೆ ಬರುವಷ್ಟು ದೂರು ಬೇರೆ ಯಾವುದಕ್ಕೂ ಬರುವುದಿಲ್ಲ. "ನಿಮ್ಮಲ್ಲಿದ್ದಾಗ ಮೈತುಂಬ ಹೂವಿತ್ತು ಸರ್, ಮನೆಗೆ ಒಯ್ದ ಮೇಲೆ ಬರೀ ಎಲೆ" ಅನ್ನುತ್ತಾರೆ. ಹತ್ತಿರದಿಂದ ನೋಡಿ, ಬಣ್ಣ ಇರುವುದು ಹೂವಿಗಲ್ಲ. ಮೂರು ಎಲೆಗಳು ಬಣ್ಣ ತಾಳಿ ಹೂವಿನಂತೆ ಕಾಣುತ್ತವೆ. ಅವುಗಳ ನಡುವೆ ನಿಂತ ತೆಳ್ಳನೆಯ ಕೊಳವೆಯ ತುದಿಯಲ್ಲಿ ಬಿಳಿ ನಕ್ಷತ್ರದಂತೆ ಅರಳುವುದೇ ನಿಜವಾದ ಹೂ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡಕ್ಕೆ ಬಿಸಿಲು ಬೇಕು, ನಡುನಡುವೆ ಮಣ್ಣು ಒಣಗಬೇಕು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ಇಟ್ಟು, ಬೆಳಿಗ್ಗೆ ಸಂಜೆ ನೀರು ಹಾಕಿ, ಮೇಲಿಂದ ಯೂರಿಯಾ ಕೊಟ್ಟರೆ ಅದು ಎಲೆಯನ್ನೇ ಬಿಡುತ್ತದೆ. ಮೇಲ್ಮಣ್ಣು ಬೆರಳಿಗೆ ಪೂರ್ತಿ ಒಣಗಿ ತಾಕಿದ ಮೇಲೆ ಒಮ್ಮೆ ಚೆನ್ನಾಗಿ ನೀರು ಕೊಡಿ, ಸಾಕು. ಒಂದು ಸುತ್ತು ಹೂ ಮುಗಿದ ಮೇಲೆ ಟೊಂಗೆಗಳ ತುದಿ ಕತ್ತರಿಸಿ, ಹೊಸ ಚಿಗುರಿಗೆ ಮತ್ತೆ ಹೂ ಬರುತ್ತದೆ. ಇದರ ಬೇರು ಬಹಳ ನಾಜೂಕು. ಕುಂಡಕ್ಕೆ ಹಾಕುವಾಗ ಬುಡ ಹಿಡಿದು ಎಳೆಯಬೇಡಿ. ಬ್ಲೇಡಿನಿಂದ ಚೀಲ ಸೀಳಿ, ಮಣ್ಣಿನ ಗಡ್ಡೆ ಒಡೆಯದ ಹಾಗೆ ಇಳಿಸಿ.

ಮನೆಗೆ ಒಯ್ದ ಗಿಡವನ್ನು ಅವತ್ತೇ ನೆಲಕ್ಕೆ ಹಚ್ಚುವ ಅವಸರ ಬೇಡ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದರೆ ನೆಲ ತಂಪಾಯಿತು ಅನ್ನಿಸುತ್ತದೆ. ಆದರೆ ನಾಲ್ಕು ಬೆರಳು ಕೆಳಗೆ ಮಣ್ಣು ಇನ್ನೂ ಕಾದಿರುತ್ತದೆ. ಈಗ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಮಾವಿಗಾದರೆ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಬಿಸಿಲಿಗೆ ಮಣ್ಣಿನ ಹುಳ ಹುಪ್ಪಟೆ ಸಾಯುತ್ತವೆ. ಜೂನ್ 7-8ಕ್ಕೆ ಮಿರಗ, ಅಂದರೆ ಮೃಗಶಿರಾ ಮಳೆ ಕೂಡುತ್ತದೆ. ಆಮೇಲೆ ಒಂದು ಹದ ಮಳೆ ಆದ ಮೇಲೆ ಮೇಲ್ಮಣ್ಣು, ತಿಪ್ಪೆಗೊಬ್ಬರ ಬೆರೆಸಿ ಗುಂಡಿ ತುಂಬಿ ಗಿಡ ಹಚ್ಚಿ. ಅಲ್ಲಿಯವರೆಗೆ ಚೀಲದಲ್ಲೇ, ಬೆಳಗಿನ ಎಳೆ ಬಿಸಿಲು ಬೀಳುವ ಕಡೆ ಇರಲಿ.

ಮಣ್ಣು ಯಾವುದು ಅಂತ ನಾನು ಕೇಳಿಯೇ ಗಿಡ ಕೊಡುತ್ತೇನೆ. ಧಾರವಾಡದ ಪಶ್ಚಿಮಕ್ಕೆ ಹೋದಂತೆ ಕೆಮ್ಮಣ್ಣು, ನವಲಗುಂದ, ಗದಗ ಕಡೆ ಎರೆ. ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ನಿಂತು ಬೇರು ಕೊಳೆಯುತ್ತದೆ, ಅಲ್ಲಿ ಸಣ್ಣ ದಿಬ್ಬ ಮಾಡಿ ಹಚ್ಚಬೇಕು. ಇನ್ನೊಂದು ತೊಂದರೆ ಸುಣ್ಣದ್ದು. ಸುಣ್ಣದ ಅಂಶ ಜಾಸ್ತಿ ಇರುವ ಎರೆಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಕೇಪಳದ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ. ಗಡಸು ಬೋರ್‌ವೆಲ್ ನೀರಿಂದಲೂ ಹೀಗಾಗುತ್ತದೆ. ಹಳೇ ಎಲೆ ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕ ಕಡಿಮೆ ಅಂತ ಅರ್ಥ, ಅದಕ್ಕೆ ಗೊಬ್ಬರ ಸಾಕು. ಎರಡನ್ನೂ ಒಂದೇ ಅಂತ ತಿಳಿದು ಗೊಬ್ಬರದ ಮೇಲೆ ಗೊಬ್ಬರ ಹಾಕಿದರೆ ದುಡ್ಡು ಹೋಗುತ್ತದೆ, ಹಳದಿ ಹೋಗುವುದಿಲ್ಲ. ಎರೆ ಇರುವವರು ಕೇಪಳವನ್ನು ಕುಂಡದಲ್ಲೇ ಬೆಳೆಸುವುದು ಒಳ್ಳೆಯದು.

ನೀರಿನ ಬಗ್ಗೆ ಒಂದೇ ಮಾತು. ಬಿಸಿಲಿಗೆ ಬಿದ್ದ ಪೈಪಿನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಬದಿಗೆ ಬಿಟ್ಟು, ತಣ್ಣಗಾದ ಮೇಲೆ ಗಿಡಕ್ಕೆ ಹಿಡಿಯಿರಿ.

ಈ ತಿಂಗಳು ಆಪೂಸ್ ಹಣ್ಣು ತಿಂದು ಓಟೆ ಹಾಕಿ ಸಸಿ ಮಾಡಿದವರೂ ಬರುತ್ತಾರೆ. ಆಪೂಸ್ ಓಟೆಯಿಂದ ಎದ್ದ ಸಸಿ ತಾಯಿಯ ಗುಣವನ್ನೇ ತರುತ್ತದೆ ಅನ್ನುವ ಹಾಗಿಲ್ಲ. ಅದಕ್ಕೇ ಕಸಿ ಕಟ್ಟುವುದು. ಹಾಗಂತ ಓಟೆ ಎಸೆಯಬೇಡಿ. ಒಣಗಿ ಹಳತಾಗುವ ಮೊದಲೇ ಹಾಕಿದರೆ ಚೆನ್ನಾಗಿ ಮೊಳೆಯುತ್ತದೆ, ಮುಂದೆ ಕಸಿಗೆ ಬೇರುಗಿಡವಾಗುತ್ತದೆ. ಕಸಿ ಮಾವು ಕೊಳ್ಳುವಾಗ ಬೆಸುಗೆಯ ಗಂಟು ಎಲ್ಲಿದೆ ಅಂತ ಬೆರಳಿಟ್ಟು ನೋಡಿ. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿಯಾಗಿದ್ದರೆ ಬಿಚ್ಚಿಸಿಕೊಳ್ಳಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದೇ ಕತ್ತು ಹಿಸುಕುತ್ತದೆ. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ. ಅದನ್ನು ಬೆಳೆಯಲು ಬಿಟ್ಟರೆ ಮೇಲಿನ ಆಪೂಸ್ ಸೊರಗಿ, ಕೆಳಗಿನ ಕಾಡು ಮಾವು ಮೆರೆಯುತ್ತದೆ.

ಇನ್ನು ಮೇ ಫ್ಲವರ್. ಗುಲ್‌ಮೊಹರ್ ಮರವಲ್ಲ, ಗಡ್ಡೆಯಿಂದ ಎದ್ದು ಚೆಂಡಿನಂಥ ಕೆಂಪು ಹೂ ಬಿಡುವ ಕುಂಡದ ಗಿಡ. ಚಳಿಗಾಲದಲ್ಲಿ ಎಲೆ ಒಣಗಿ ಗಡ್ಡೆ ಮಲಗುತ್ತದೆ. ಸತ್ತಿತು ಅಂತ ಎಷ್ಟೋ ಜನ ಕುಂಡವನ್ನೇ ಬರಿದು ಮಾಡಿಬಿಡುತ್ತಾರೆ. ಖಾಲಿ ಕಾಣುವ ಕುಂಡ ಮನೆಯಲ್ಲಿದ್ದರೆ ಈಗ ಮೇಲ್ಮಣ್ಣು ಸಡಿಲಿಸಿ, ಒಂದು ಹಿಡಿ ಗೊಬ್ಬರ ಹಾಕಿ, ನೀರು ಕೊಡಲು ಶುರು ಮಾಡಿ. ಎಲೆಗಿಂತ ಮೊದಲು ಹೂವಿನ ದಂಟೇ ಮೇಲೆ ಬರಬಹುದು, ಗಾಬರಿ ಬೇಡ. ಹೂ ಬಾಡಿದ ಮೇಲೆ ದಂಟು ಮಾತ್ರ ತೆಗೆಯಿರಿ. ಎಲೆಗಳನ್ನು ಮಳೆಗಾಲವಿಡೀ ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿಗೆ ಗಡ್ಡೆ ತುಂಬುವುದು ಅವುಗಳಿಂದಲೇ.