ಡಿಸ್‌ಪ್ಲೇಗೆ ಕೈಯಿಂದ ‘:0’ ಬರೆಯಬೇಡಿ

ಶಿರಸಿಯ ಮನೆಯಲ್ಲಿ ಕೂತು ಬೆಂಗಳೂರಿನ ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸೇರಿಸುವ ಪ್ರೋಗ್ರಾಮ್) ಲಾಗಿನ್ ಆಗಿದ್ದೀರಿ. ಟರ್ಮಿನಲ್ ಸಲೀಸಾಗಿ ಓಡುತ್ತಿದೆ, ಗ್ರಾಫ್ ಬಿಡಿಸುವ ಗ್ನುಪ್ಲಾಟ್ ಕರೆದರೆ ಮಾತ್ರ ‘ಕ್ಯಾನಾಟ್ ಓಪನ್ ಡಿಸ್‌ಪ್ಲೇ’. ಆಗ ಎಷ್ಟೋ ಜನ, ವಿಂಡೋ ಯಾವ ಪರದೆಗೆ ಹೋಗಬೇಕೆಂದು ಹೇಳುವ ಡಿಸ್‌ಪ್ಲೇ ವೇರಿಯೆಬಲ್‌ಗೆ ‘:0’ ಎಂದು ಬರೆದುಬಿಡುತ್ತಾರೆ. ‘:0’ ಎಂದರೆ ಆ ಸರ್ವರಿನದೇ ಪರದೆ; ಅದಕ್ಕೆ ಮಾನಿಟರೇ ಇರಲಿಕ್ಕಿಲ್ಲ.

ಲಿನಕ್ಸ್‌ನಲ್ಲಿ ವಿಂಡೋ ತೋರಿಸುವ ವ್ಯವಸ್ಥೆ ಎಕ್ಸ್11; ಅದರಲ್ಲಿ ‘ಸರ್ವರ್’, ‘ಕ್ಲೈಂಟ್’ ಎಂಬ ಹೆಸರುಗಳು ತಿರುಗುಮುರುಗು. ಪರದೆ, ಮೌಸ್ ನೋಡಿಕೊಳ್ಳುವ ಎಕ್ಸ್ ಸರ್ವರ್ ಇರುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ; ಬೆಂಗಳೂರಿನಲ್ಲಿ ಓಡುವ ಪ್ರೋಗ್ರಾಮ್ ಅದರ ಕ್ಲೈಂಟ್. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್ ಸರ್ವರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವಿಂಡೋಸ್‌ಗಾದರೆ ಮೋಬಾಎಕ್ಸ್‌ಟರ್ಮ್, ಮ್ಯಾಕ್‌ಗಾದರೆ ಎಕ್ಸ್‌ಕ್ವಾರ್ಟ್ಜ್ ಹಾಕಿಕೊಳ್ಳಬೇಕು.

ಎಸ್‌ಎಸ್‌ಎಚ್ ಕಮಾಂಡಿಗೆ ದೊಡ್ಡಕ್ಷರದ ‘-ಎಕ್ಸ್’ ಸೇರಿಸಿ ಲಾಗಿನ್ ಆಗಿ (ಚಿಕ್ಕಕ್ಷರದ್ದು ಫಾರ್ವರ್ಡಿಂಗನ್ನೇ, ಅಂದರೆ ವಿಂಡೋವನ್ನು ನಿಮ್ಮ ಪರದೆಗೆ ಕಳಿಸುವುದನ್ನೇ, ನಿಲ್ಲಿಸುತ್ತದೆ), ಎಕೋ ಕಮಾಂಡ್ ಕೊಟ್ಟು ಡಿಸ್‌ಪ್ಲೇಯಲ್ಲಿ ಏನಿದೆ ನೋಡಿ. ‘ಲೋಕಲ್‌ಹೋಸ್ಟ್:10.0’ ಬಂದರೆ ಸುರಂಗ ಸಿದ್ಧ. ಸರ್ವರಿನ ನಿಜವಾದ ಪರದೆಗಳಿಗೆ ಡಿಕ್ಕಿಯಾಗದಿರಲೆಂದು ಎಣಿಕೆ 10ರಿಂದ ಶುರು; ಅದರ ಪೋರ್ಟ್ 6010. ಖಾಲಿ ಬಂದರೆ ಅನುಮಾನ ಮುಖ್ಯವಾಗಿ ಎರಡು ಕಡೆ: ಎಸ್‌ಎಸ್‌ಎಚ್‌ಡಿ (ಸರ್ವರಿನ ಕಡೆಯ ಎಸ್‌ಎಸ್‌ಎಚ್) ಕಾನ್ಫಿಗ್‌ನಲ್ಲಿ ‘ಎಕ್ಸ್11ಫಾರ್ವರ್ಡಿಂಗ್’ ಸಾಲು ‘ನೋ’ ಆಗಿದೆ, ಇಲ್ಲವೇ ಸರ್ವರಿನಲ್ಲಿ, ಪರದೆ ಬಳಸುವ ಅನುಮತಿ ನೋಡಿಕೊಳ್ಳುವ ಎಕ್ಸ್‌ಆಥ್ ಪ್ಯಾಕೇಜ್ ಇಲ್ಲ. ಡೆಸ್ಕ್‌ಟಾಪ್ ಇಲ್ಲದ ಸರ್ವರುಗಳಲ್ಲಿ ಎರಡನೆಯದು ತೀರಾ ಮಾಮೂಲು. ಸರಿಪಡಿಸಿ, ಎಸ್‌ಎಸ್‌ಎಚ್‌ಡಿ ರೀಲೋಡ್ ಮಾಡಿ, ಹೊಸದಾಗಿ ಲಾಗಿನ್ ಆಗಿ. ಹಳೆಯ ಸೆಶನ್‌ಗೆ ಅದರ ಲಾಭ ಸಿಗುವುದಿಲ್ಲ.

ಡಿಸ್‌ಪ್ಲೇಯ ಮೌಲ್ಯ ಸರಿಯಿದ್ದೂ ವಿಂಡೋ ತೆರೆಯದಿದ್ದರೆ? ಸುಡೋ (ರೂಟ್, ಅಂದರೆ ಯಂತ್ರದ ಆಡಳಿತಗಾರನಾಗಿ ಓಡಿಸುವ ಕಮಾಂಡ್) ಹಾಕಿದ್ದೀರಾ ನೋಡಿ. ಅನುಮತಿಯ ಕುಕಿ (ಗುಟ್ಟಿನ ಸಂಕೇತ) ಇರುವುದು ನಿಮ್ಮ ಹೋಮ್‌ನ ‘.ಎಕ್ಸ್‌ಅಥಾರಿಟಿ’ ಫೈಲಿನಲ್ಲಿ, ರೂಟ್ ಬಳಿ ಅಲ್ಲ. ಡಿಸ್ಕ್ ತುಂಬಿದ್ದರೂ ಆ ಫೈಲ್ ಬರೆಯಲಾಗದೆ ಇದೇ ಗತಿ.

ಮಳೆಗಾಲದಲ್ಲಿ ಬೇರೊಂದು ತಕರಾರು. ಕರೆಂಟ್ ಹೋಗುತ್ತದೆ, ರೂಟರ್ ಆರುತ್ತದೆ, ಮತ್ತೆ ಲಾಗಿನ್ ಆಗಿ ಟಿಮಕ್ಸ್‌ಗೆ (ಸಂಪರ್ಕ ಕಡಿದರೂ ಸರ್ವರಿನಲ್ಲಿ ಶೆಲ್ ಉಳಿಸುವ ಪ್ರೋಗ್ರಾಮ್) ಸೇರಿಕೊಳ್ಳುತ್ತೀರಿ. ಸತ್ತ ಸಂಪರ್ಕ 6010ನ್ನು ಇನ್ನೂ ಹಿಡಿದುಕೊಂಡೇ ಇದ್ದರೆ ನಿಮಗೀಗ ಸಿಗುವುದು 11.0. ಟಿಮಕ್ಸ್‌ನ ಹಳೆಯ ಶೆಲ್ ಮಾತ್ರ 10.0 ಎಂದೇ ನಂಬಿಕೊಂಡು ಕೂತಿರುತ್ತದೆ. ಟಿಮಕ್ಸ್ ಒಳಗೆ ಹೊಸ ವಿಂಡೋ ತೆರೆಯಿರಿ, ಅದಕ್ಕೆ ಹೊಸ ಮೌಲ್ಯ ಸಿಗುತ್ತದೆ. ಆದರೆ ಆಗ ತೆರೆದಿದ್ದ ಗ್ರಾಫ್ ಹೋಯಿತು ಅಂತಲೇ ಲೆಕ್ಕ: ಟಿಮಕ್ಸ್ ಕಾಯುವುದು ಶೆಲ್ಲನ್ನು, ಎಕ್ಸ್ ಸಂಪರ್ಕವನ್ನಲ್ಲ.

ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಹೊಸ ವಿಂಡೋ ನಿರಾಕರಿಸಿದರೆ ಅದು ‘-ಎಕ್ಸ್’ನ ಗಡುವು. ದೊಡ್ಡಕ್ಷರದ ‘-ವೈ’ಗೆ ಆ ಗಡುವಿಲ್ಲ, ಆದರೆ ಆ ಸರ್ವರಿನ ರೂಟ್‌ಗೆ ನೀವು ಒತ್ತುವ ಕೀಲಿಗಳೂ ಕಾಣಬಹುದು. ನಂಬಿಕೆಯ ಯಂತ್ರಕ್ಕಷ್ಟೇ ಬಳಸಿ.

ತೆವಳುವ ಮೆನುವಿಗೆ ಎಲ್ಲರೂ ದೊಡ್ಡಕ್ಷರದ ‘-ಸಿ’ ಹಾಕಿ ಎನ್ನುತ್ತಾರೆ. ಅದು ಡೇಟಾ ಹಿಂಡುತ್ತದೆ, ಅಷ್ಟೇ. ಎಕ್ಸ್ ಪ್ರತಿಯೊಂದಕ್ಕೂ ಹೋಗಿ ಬಂದು ಕೇಳುವ ಜಾತಿಯದು; ಆ ಓಡಾಟದ ಸಮಯ ಹಿಂಡಿದರೆ ಕಮ್ಮಿಯಾಗದು. ಇದೇ ಕೆಲಸಕ್ಕಿರುವ ಎಕ್ಸ್‌ಪ್ರಾ ಎಂಬ ಪ್ರೋಗ್ರಾಮ್ ಹಾಕಿಕೊಳ್ಳಿ, ಲೈನ್ ಕಡಿದರೂ ಪ್ರೋಗ್ರಾಮ್ ಅಲ್ಲೇ ಉಳಿಯುತ್ತದೆ. ಬರೀ ಗ್ರಾಫ್ ನೋಡುವುದಾದರೆ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಫೈಲ್ ನಕಲಿಸುವ ಎಸ್‌ಸಿಪಿ ಕಮಾಂಡಿನಲ್ಲಿ ತರಿಸಿಕೊಳ್ಳಿ.