ಸಿಎಸ್‌ಆರ್‌ಎಫ್: ಸಹಿ ಅಸಲಿ, ಚೀಟಿ ನಕಲಿ

ಫೋರ್ಜರಿ ಅಂದ ಕೂಡಲೇ ನೆನಪಾಗುವುದು ಕಳ್ಳ ಸಹಿ. ‘ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ’ ಎಂಬ ವೆಬ್ ದೋಷದ ಹೆಸರಿನಲ್ಲೂ ಆ ಪದ ಇದೆ. ಚಿಕ್ಕದಾಗಿ ಸಿಎಸ್‌ಆರ್‌ಎಫ್ ಅನ್ನುತ್ತಾರೆ. 2001ರಲ್ಲಿ ಪೀಟರ್ ವಾಟ್ಕಿನ್ಸ್ ಎಂಬುವರು ಇಟ್ಟ ಹೆಸರು ಇದು. ಆದರೆ ಇಲ್ಲಿ ಸಹಿಯನ್ನು ಯಾರೂ ನಕಲು ಮಾಡುವುದಿಲ್ಲ. ಸಹಿ ನಿಮ್ಮದೇ ಇರುತ್ತದೆ, ಚೀಟಿ ಬರೆದವನು ಮಾತ್ರ ಬೇರೆ.

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮ ಕಾಕಾ ಅವರ ಅಡತಿ ಅಂಗಡಿ ಇದೆ. ತೊಗರಿ ಬರುವ ದಿನಗಳಲ್ಲಿ ಅಲ್ಲಿ ತಲೆ ಎತ್ತಲೂ ಪುರಸೊತ್ತಿಲ್ಲ. ಅಂಗಡಿಯ ಹುಡುಗ ಚೀಟಿ ತಂದರೆ ಗೋದಾಮಿನಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ದಿನಾ ನೋಡುವ ಮುಖ, ಅಲ್ವಾ? ದಾರಿಯಲ್ಲಿ ಗುರುತಿಲ್ಲದ ಒಬ್ಬ ಆ ಹುಡುಗನ ಕೈಗೆ ಇನ್ನೊಂದು ಚೀಟಿ ತುರುಕಿದ ಎಂದುಕೊಳ್ಳಿ. ‘ಇಪ್ಪತ್ತು ಚೀಲ ಈ ಗಾಡಿಗೆ ಹಾಕ್ರಿ’ ಎಂದು ಅದರಲ್ಲಿದೆ. ಹುಡುಗ ಓದದೇ ಒಯ್ದು ಕೊಟ್ಟ. ಗೋದಾಮಿನವರು ಅವನ ಮುಖ ನೋಡಿ ಚೀಲ ಹಾಕಿದರು. ಅವನೂ ಕಳ್ಳನಲ್ಲ, ಅವರೂ ಕಳ್ಳರಲ್ಲ. ಮಾಲು ಮಾತ್ರ ಹೋಯಿತು.

ಆ ಹುಡುಗ ನಿಮ್ಮ ಬ್ರೌಸರ್. ಗೋದಾಮು ನಿಮ್ಮ ವೈಫೈ ರೂಟರ್.

ರೂಟರ್ ಒಳಗೂ ಒಂದು ಪುಟ್ಟ ವೆಬ್‌ಸೈಟ್ ಇರುತ್ತದೆ. 192.168.1.1 ಅಥವಾ 192.168.0.1 ಎಂದು ಹಾಕಿದರೆ ತೆರೆದುಕೊಳ್ಳುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಬದಲಿಸುವುದು ಅಲ್ಲೇ. ಒಮ್ಮೆ ಲಾಗಿನ್ ಆದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ಮುಂದಿನ ಪ್ರತಿ ಕೋರಿಕೆಯ ಜೊತೆಗೂ ನಿಮ್ಮ ಗುರುತನ್ನು ತಾನಾಗಿಯೇ ಕಳಿಸುತ್ತದೆ. ತೊಂದರೆ ಹುಟ್ಟುವುದು ಇಲ್ಲಿಂದಲೇ. ಲಾಗ್‌ಔಟ್ ಮಾಡದೆ ಇನ್ನೊಂದು ಟ್ಯಾಬ್‌ನಲ್ಲಿ ಯಾವುದೋ ಸೈಟ್ ತೆರೆಯುತ್ತೀರಿ. ಆ ಪುಟದಲ್ಲಿ ಒಂದು ಚಿತ್ರ ಇದೆ, ಅದರ ವಿಳಾಸ ನಿಮ್ಮ ರೂಟರ್‌ದು. ಚಿತ್ರ ತರಲು ಹೊರಟ ಬ್ರೌಸರ್ ನಿಜವಾಗಿ ‘ಡಿಎನ್‌ಎಸ್ ಬದಲಿಸು’ (ಸೈಟುಗಳ ವಿಳಾಸ ಹೇಳುವವರನ್ನು ಬದಲಿಸು) ಎಂಬ ಕೋರಿಕೆಯನ್ನು ರೂಟರ್‌ಗೆ ಮುಟ್ಟಿಸುತ್ತದೆ. ಒಂದು ಸೈಟಿನಲ್ಲಿ ಹುಟ್ಟಿ ಇನ್ನೊಂದಕ್ಕೆ ಹೋಯಿತು, ಅದಕ್ಕೇ ‘ಕ್ರಾಸ್-ಸೈಟ್’.

ರೂಟರ್ ಕೊಟ್ಟ ಉತ್ತರವನ್ನು ಓದಲು ಆ ಕಳ್ಳ ಪುಟಕ್ಕೆ ಬ್ರೌಸರ್ ಬಿಡುವುದಿಲ್ಲ. ಆದರೆ ಕಳ್ಳನಿಗೆ ಉತ್ತರ ಯಾಕೆ ಬೇಕು? ಕೋರಿಕೆ ಮುಟ್ಟಿದರೆ ಸಾಕು. ಕೋರಿಕೆ ಹೊರಟಿದ್ದು ಮನೆಯೊಳಗಿನಿಂದಲೇ, ಹಾಗಾಗಿ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಇದಕ್ಕೆ ಅಡ್ಡ ಬರುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಕಾಕಾ ಕೇಳಿದರು: ‘ನಾ ಪಾಸ್‌ವರ್ಡ್ ಯಾರಿಗೂ ಹೇಳಿಲ್ಲ. ಮತ್ತ ಹ್ಯಾಂಗ ಬದಲಾಗ್ತದ?’ ಪಾಸ್‌ವರ್ಡ್ ಕಳುವಾಗಬೇಕಿಲ್ಲ ಎಂಬುದೇ ಈ ದೋಷದ ತಿರುಳು. ಅಂಗಡಿಯ ರೂಟರ್ ನೋಡಿದರೆ, ಕೂಡಿಸಿ ಹೋದವರು ಹೆಸರು, ಪಾಸ್‌ವರ್ಡ್ ಎರಡನ್ನೂ ‘ಅಡ್ಮಿನ್’ ಎಂದೇ ಬಿಟ್ಟಿದ್ದರು. ನನಗೆ ಸಿಟ್ಟು ಬಂತು. ಹೀಗಿದ್ದರೆ ಲಾಗಿನ್ ಆಗಿರಬೇಕೆಂದೂ ಇಲ್ಲ. ಹಳೆಯ ಬ್ರೌಸರ್‌ಗಳಲ್ಲಿ ಕಳ್ಳ ಪುಟವೇ ಆ ಎರಡು ಪದಗಳನ್ನು ವಿಳಾಸದ ಜೊತೆ ಸೇರಿಸಿ ಕಳಿಸಬಹುದಿತ್ತು. ಬ್ಯಾಂಕಿಗೆ ಹೋಲಿಸಿದರೆ ರೂಟರ್ ಇಷ್ಟು ಸುಲಭದ ಗುರಿ ಆಗುವುದು ಇದಕ್ಕೇ. ವಿಳಾಸ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಅದೇ, ಪಾಸ್‌ವರ್ಡೂ ಅದೇ, ವರ್ಷಗಟ್ಟಲೆ ಯಾರೂ ಒಳಗೆ ಇಣುಕುವುದಿಲ್ಲ.

ಡಿಎನ್‌ಎಸ್ ಅಂದರೆ ಸೈಟಿನ ಹೆಸರಿಗೆ ಅದರ ಅಂಕಿಯ ವಿಳಾಸ ಹೇಳುವ ವ್ಯವಸ್ಥೆ. ಅದನ್ನು ಕಳ್ಳ ತನ್ನ ಕಡೆ ತಿರುಗಿಸಿಕೊಂಡರೆ, ನೀವು ಬ್ಯಾಂಕಿನ ಹೆಸರು ಸರಿಯಾಗಿಯೇ ಟೈಪ್ ಮಾಡಿದರೂ ಅವನ ಪುಟಕ್ಕೆ ಹೋಗಬಹುದು. ಮನೆಯ ಒಂದು ಫೋನಿಗೆ ಮಾತ್ರ ಅಲ್ಲ, ಆ ವೈಫೈ ಹಿಡಿದ ಎಲ್ಲರಿಗೂ. 2008ರ ಜನವರಿಯಲ್ಲಿ ಕಂಪ್ಯೂಟರ್ ಭದ್ರತೆಯ ಕಂಪನಿ ಸಿಮ್ಯಾಂಟೆಕ್ ಬಯಲು ಮಾಡಿದ ಮೆಕ್ಸಿಕೋ ಪ್ರಕರಣ ಇಂಥದ್ದೇ. ಶುಭಾಶಯ ಪತ್ರದ ಹೆಸರಿನಲ್ಲಿ ಈಮೇಲ್ ಬಂತು, ಅದರೊಳಗಿನ ಚಿತ್ರದ ಕೊಂಡಿ ರೂಟರ್‌ನ ಡಿಎನ್‌ಎಸ್ ತಿದ್ದಿತು, ಬ್ಯಾಂಕ್ ಗ್ರಾಹಕರು ನಕಲಿ ಪುಟಕ್ಕೆ ಹೋದರು. 2014ರಲ್ಲಿ 3 ಲಕ್ಷಕ್ಕೂ ಹೆಚ್ಚು ರೂಟರ್‌ಗಳ ಡಿಎನ್‌ಎಸ್ ಬದಲಾಗಿದ್ದು ಗೊತ್ತಾಯಿತು. ಸಿಎಸ್‌ಆರ್‌ಎಫ್ ಅಲ್ಲಿ ಶಂಕಿಸಿದ ದಾರಿಗಳಲ್ಲಿ ಒಂದು. ಆ ರೂಟರ್‌ಗಳಿದ್ದ ದೇಶಗಳಲ್ಲಿ ಭಾರತವೂ ಇತ್ತು.

ಸರಿಪಡಿಸುವ ಕೆಲಸ ಮೊದಲು ರೂಟರ್ ಮಾಡುವವರದು. ಸೆಟ್ಟಿಂಗ್ಸ್ ಪುಟ ತೆರೆದಾಗಲೆಲ್ಲ ಊಹಿಸಲಾಗದ ಒಂದು ಹೊಸ ಗುಟ್ಟಿನ ಸಂಖ್ಯೆಯನ್ನು ಅದರಲ್ಲಿ ಇಡಬೇಕು. ಇದಕ್ಕೆ ಟೋಕನ್ ಅನ್ನುತ್ತಾರೆ. ಬದಲಾವಣೆಯ ಕೋರಿಕೆಯ ಜೊತೆ ಅದು ಬರದಿದ್ದರೆ ರೂಟರ್ ಒಪ್ಪಬಾರದು. ಹೊರಗಿನ ಪುಟಕ್ಕೆ ರೂಟರ್‌ನ ಪುಟ ಓದಲು ಆಗುವುದಿಲ್ಲವಲ್ಲ, ಟೋಕನ್ ಅದಕ್ಕೆ ಸಿಗುವುದೇ ಇಲ್ಲ. ಬ್ರೌಸರ್‌ಗಳೂ ಬಿಗಿಯಾಗಿವೆ. 2020ರಿಂದ ಕ್ರೋಮ್, ಬೇರೆ ಸೈಟಿನಿಂದ ಹುಟ್ಟಿದ ಕೋರಿಕೆಗಳ ಜೊತೆ ಕುಕಿಗಳನ್ನು (ಲಾಗಿನ್ ಗುರುತನ್ನು ಬ್ರೌಸರ್ ಇಟ್ಟುಕೊಳ್ಳುವ ಚಿಕ್ಕ ಚೀಟಿಗಳು) ಸುಮ್ನೆ ಕಳಿಸುವುದನ್ನು ಕಡಿಮೆ ಮಾಡಿತು. ಆದರೆ ತೆರೆದ ಕೂಡಲೇ ಚಿಕ್ಕ ಕಿಟಕಿ ಬಂದು ಹೆಸರು, ಪಾಸ್‌ವರ್ಡ್ ಕೇಳುವ ಹಳೆಯ ರೂಟರ್‌ಗಳು ಕುಕಿಯನ್ನು ನೆಚ್ಚಿಕೊಂಡಿಲ್ಲ. ಅವಕ್ಕೆ ಈ ಕಾವಲು ಸಿಗುವುದಿಲ್ಲ. ಅಂಥ ಎಷ್ಟೋ ರೂಟರ್‌ಗಳಲ್ಲಿ ಲಾಗ್‌ಔಟ್ ಗುಂಡಿಯೂ ಇರುವುದಿಲ್ಲ, ಕೆಲಸ ಮುಗಿದ ಮೇಲೆ ಬ್ರೌಸರನ್ನೇ ಪೂರ್ತಿ ಮುಚ್ಚಬೇಕು.

ಆ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆವು. ರೂಟರ್ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹೊಸದು ಹಾಕಿದೆವು. ಡಿಎನ್‌ಎಸ್ ಅಂಕಿಗಳನ್ನು ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ಒಂದೊಂದಾಗಿ ಓದಿ ತಾಳೆ ನೋಡಿದೆವು. ಸರಿಯಾಗಿದ್ದವು. ಬ್ಯಾಂಕಿನ ಪುಟ ತೆರೆದಾಗ ಸರ್ಟಿಫಿಕೇಟ್ (ಸೈಟ್ ಅಸಲಿ ಎಂದು ತೋರಿಸುವ ಗುರುತು) ಸರಿಯಿಲ್ಲ ಎಂದು ಎಚ್ಚರಿಕೆ ಬಂದರೆ ಮುಂದೆ ಹೋಗಬೇಡಿ ಎಂದು ಕಾಕಾ ಅವರಿಗೆ ಎರಡು ಸಲ ಹೇಳಿದೆ. ಅವರು ಆ ಅಂಕಿಗಳನ್ನು ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದುಕೊಂಡರು, ಪಕ್ಕದಲ್ಲಿ ತಾರೀಕನ್ನೂ ಹಾಕಿದರು.